ನಮ್ಮ ಹುಡುಗಿಯ ಹಾಳೆಗೆ ಒಂದು ತಂಬಿಗೆ ನೀರು

ರಾಯಚೂರಿನಲ್ಲಿ ಬಾಯಾರಿ ಬಂದವರಿಗೆ ನೀರು ಇಲ್ಲ ಅಂದವರನ್ನು ಹುಡುಕಿದರೂ ಸಿಗಲಿಕ್ಕಿಲ್ಲ. ಆದರೆ ಬಾಯೇ ಇಲ್ಲದ ವಸ್ತುವಿಗೆ ನೀರು ಕುಡಿಸಿದವಳು ನನಗೆ ತಿಳಿದಂತೆ ಒಬ್ಬಳೇ. ಅವಳು ಕೋಟೆಯೊಳಗಿನ ಓಣಿ ಅಂದ್ರೂನ್ ಖಿಲ್ಲಾದ ಮುನ್ನೀ ಬೀ. ಹಾಗೆ ಕುಡಿಸಿ ಎಂಥ ಗದ್ದಲ ಮಾಡಿಕೊಂಡಳು, ಆ ಗದ್ದಲದೊಳಗಿಂದ ಎಂಥ ಒಳ್ಳೇದು ಎದ್ದು ಬಂತು ಅಂತ ಹೇಳಬೇಕಾದರೆ ಮೊದಲು ದೇವದುರ್ಗದ ಬಸ್ಸು ಹತ್ತಬೇಕು.

ದೇವದುರ್ಗದಲ್ಲಿ ಬುರ್ಹಾನುದ್ದೀನ್ ಅಂತ ಒಬ್ಬ ಭಿಸ್ತಿ ಇದ್ದ. ಇಡೀ ಆಡಿನ ತೊಗಲು ಹೊಲಿದು ಮಾಡಿದ ಮಶಕವನ್ನು ಬೆನ್ನಿಗೇರಿಸಿ, ಬಾವಿಯಿಂದ ಮನೆಮನೆಗೆ ನೀರು ಹೊರುವುದು ಅವನ ಕಸಬು. ಮುನ್ನೀ ಬೀ ಅವನ ಕಿರಿ ಮಗಳು. ಅಪ್ಪ ಮುಂದೆ ಮುಂದೆ ಹೋದರೆ ಮಶಕದ ಬಾಯಿಂದ ಹನಿ ಬಿದ್ದ ಗೆರೆ ಹಿಡಿದು ಇವಳು ಹಿಂದೆ ಹಿಂದೆ. "ಈ ಹುಡುಗಿ ನಡೆಯಾಕ ಕಲ್ತಿದ್ದೇ ಹಸಿ ನೆಲದ ಮ್ಯಾಲೆ" ಅಂತ ಓಣಿಯವರು ನಗುತ್ತಿದ್ದರು.

ಅಪ್ಪ ಅವಳಿಗೆ ಒಂದೇ ಒಂದು ಕೆಲಸ ಹಚ್ಚಿದ್ದ. ಕೆಲಸ ಇದ್ದ ದಿನವಾಗಲಿ ಇಲ್ಲದ ದಿನವಾಗಲಿ, ಸಂಜೆಗೆ ಮಶಕದೊಳಗೆ ಒಂದು ತಂಬಿಗೆ ನೀರು ಹಾಕಿ ಅಲುಗಾಡಿಸಿ ಇಡಬೇಕು. "ತೊಗಲು ಒಣಗಿದ್ರ ಸೀಳ್ತದ ಬೇಟಿ. ಮನ್ಯಾಗ ನಾವು ಒಂದು ಹೊತ್ತು ಉಪವಾಸ ಇದ್ರ ನಡೀತದ, ಮಶಕ ಬಾಯಾರಬಾರದು." ಈ ಮಾತು ಅವಳ ಎದೆಯೊಳಗೆ ಕಲ್ಲಿನ ಅಕ್ಷರವಾಗಿ ಕೂತಿತು.

ದೊಡ್ಡವಳಾದಳು, ರಾಯಚೂರಿಗೆ ಕೊಟ್ಟರು. ಗಂಡ ಗುಲಾಮ್ ದಸ್ತಗೀರ್ ತಾಸಿನ ಲೆಕ್ಕಕ್ಕೆ ಬಾಡಿಗೆ ಸೈಕಲ್ ಕೊಡುವವನು. ಮನೆಯ ಮುಂದಿನ ಪಡಸಾಲೆಯೇ ಅಂಗಡಿ. ಮಾತು ಕಡಿಮೆ. ಗಿರಾಕಿ ಹತ್ತು ಮಾತಾಡಿದರೆ ಇವನ ಉತ್ತರ ಪಂಪಿನ ಎರಡು ಹೊಡೆತ. ರಾಯಚೂರಿನ ಸುತ್ತ ಜಾಲಿ ಮುಳ್ಳಿಗೆ ಬರವಿಲ್ಲ, ಹಾಗಾಗಿ ಪಂಕ್ಚರಿಗೂ ಬರವಿಲ್ಲ. ಟ್ಯೂಬಿಗೆ ಗಾಳಿ ಹೊಡೆದು ನೀರು ತುಂಬಿದ ತಗಡಿನ ಬುಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೆ ಅಂತ ನೋಡುವಾಗ ಮಾತ್ರ ಅವನ ಮುಖ ಅರಳುತ್ತಿತ್ತು. ಆ ಬುಟ್ಟಿಗೆ ದಿನಾ ಹೊಸ ನೀರು ತುಂಬುವವಳು ಮುನ್ನೀ ಬೀ. ಇಬ್ಬರು ಗಂಡುಮಕ್ಕಳಾದರು, ಬೆಳೆದು ತಮ್ಮ ತಮ್ಮ ಕೆಲಸಕ್ಕೆ ಹೋದರು. ಹೆಣ್ಣು ಮಗುವಿನ ಹಂಬಲ ಮಾತ್ರ ಹಾಗೇ ಉಳಿದಿತ್ತು.

ಅದು ತೀರಿದ್ದು ಎಪ್ಪತ್ತರ ದಶಕದ ನಡುವೆ, ಒಂದು ಭಾನುವಾರ ಮುಂಜಾನೆ.

ಅಂಗಡಿ ಮುಂದೆ ಒಂದು ಹುಡುಗಿ ಬಂದು ನಿಂತಳು. ಎಣ್ಣೆ ಹಚ್ಚಿ ಬಿಗಿದ ಜಡೆ, ಸವೆದ ಚಪ್ಪಲಿ, ನೆಟ್ಟನೆ ನೋಟ.

"ಚಾಚಾ, ಒಂದು ಸೈಕಲ್ ಬೇಕಿತ್ರಿ. ಒಂದು ತಾಸಿಗೆ."

ದಸ್ತಗೀರ್ ಅವಳ ಹಿಂದೆ ಅಣ್ಣನೋ ತಮ್ಮನೋ ಇರಬೇಕು ಅಂತ ಬಗ್ಗಿ ನೋಡಿದ. ಯಾರೂ ಇರಲಿಲ್ಲ.

"ಯಾರಿಗೆ?"

"ನನಗ್ರಿ."

"ಹೊಡಿಯಾಕ ಬರ್ತದೇನು?"

"ಇಲ್ರಿ. ಅದಕ್ಕಂತೇ ಒಂದು ತಾಸು ಕೇಳಿದೆ. ಬರ್ತಿದ್ರ ಅರ್ಧ ತಾಸು ಸಾಕಿತ್ತು."

ಒಳಗಿನಿಂದ ಮುನ್ನೀ ಬೀ ನಕ್ಕಿದ್ದು ಓಣಿಗೇ ಕೇಳಿಸಿತು. ಬಾಗಿಲ ಪರದೆ ಸರಿಸಿ ಹೇಳಿದಳು, "ಕೊಡ್ರೀ ಅಕಿಗೆ. ಬಿದ್ರ ಮುಲಾಮು ನಾ ಹಚ್ತೀನಿ."

ಮುಲಾಮು ಬೇಕಾಗಲು ಬಹಳ ಹೊತ್ತು ಹಿಡಿಯಲಿಲ್ಲ. ಪಕ್ಕದ ಮನೆಯ ಬಂಡೆಮ್ಮ ಓಣಿಯಲ್ಲಿ ಚಾಪೆ ಹಾಸಿ ಕೆಂಪು ಮೆಣಸಿನಕಾಯಿ ಒಣಗಿಸಿದ್ದಳು. ಹುಡುಗಿ ಸೈಕಲ್ ಸಮೇತ ಹೋಗಿ ಅದರ ನಟ್ಟನಡುವೆ ಬಿದ್ದಳು.

"ಯಾವ ಊರ ಹೆಣ್ಣವಾ ನೀನು? ಇಡೀ ರಾಯಚೂರ ಬಿಟ್ಟು ನನ್ನ ಮೆಣಸಿನಕಾಯೇ ಸಿಕ್ಕಿತೇನು?" ಬಂಡೆಮ್ಮ ಬೈಯುತ್ತಲೇ ಓಡಿ ಬಂದು ಕೈ ಹಿಡಿದು ಎಬ್ಬಿಸಿದಳು. "ಕಣ್ಣು ತಿಕ್ಕಬ್ಯಾಡ. ತಿಕ್ಕಬ್ಯಾಡಂದ್ರ ತಿಕ್ಕಾಕತ್ತಾಳ ನೋಡು ಇಕಿ."

ಹುಡುಗಿಯ ಹೆಸರು ಕನಕಮ್ಮ. ಮಾನ್ವಿಯವಳು. ಅಪ್ಪ ಅವ್ವ ಇಬ್ಬರೂ ಮಂದಿಯ ಹೊಲದಲ್ಲಿ ಹತ್ತಿ ಬಿಡಿಸುವವರು. ಹಾಸ್ಟೆಲಿನಲ್ಲಿದ್ದು ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಳು. ಅಂದು ಕಣ್ಣು ಕೆಂಪಗಾಗಿ ಮುನ್ನೀ ಬೀಯ ಮನೆಯಲ್ಲಿ ಕೂತವಳು ರೊಟ್ಟಿ ಉಂಡು ಎದ್ದಳು, ಮುಂದಿನ ಭಾನುವಾರವೂ ಬಂದಳು, ಅದರ ಮುಂದಿನ ಭಾನುವಾರವೂ. ಸೈಕಲ್ ಕಲಿತಳು. ಅದಾದ ಮೇಲೂ ಬರುವುದು ನಿಲ್ಲಲಿಲ್ಲ. "ನಮ್ಮ ಹುಡುಗಿ" ಅಂತ ಮುನ್ನೀ ಬೀ ಯಾವಾಗ ಕರೆಯಲು ಶುರು ಮಾಡಿದಳೋ ಅವಳಿಗೇ ನೆನಪಿಲ್ಲ. ಕಾಲೇಜು ಮುಗಿಸಿ ಕನಕಮ್ಮ ಹೆಚ್ಚಿನ ಓದಿಗೆ ಹೈದರಾಬಾದಿಗೆ ಹೋದಾಗ ಸ್ಟೇಷನ್ನಿಗೆ ಬುತ್ತಿ ಕಟ್ಟಿಕೊಂಡು ಹೋದವರು ಇಬ್ಬರು, ಮಾನ್ವಿಯ ಅವ್ವ ಮತ್ತು ರಾಯಚೂರಿನ ಚಾಚಿ. ಇಬ್ಬರ ಬುತ್ತಿಯೂ ಜೋಳದ ರೊಟ್ಟಿಯೇ.

ಎಂಬತ್ತಮೂರರ ಯುಗಾದಿ ಮುಗಿದಿತ್ತು. ಟಾಂಗಾದಿಂದ ಒಂದು ಮರದ ಪೆಟ್ಟಿಗೆ ಇಳಿಸಿಕೊಂಡು ಕನಕಮ್ಮ ಮತ್ತೆ ಅಂಗಡಿ ಮುಂದೆ ಬಂದು ನಿಂತಳು. ಈಗ ಅವಳು ಹೈದರಾಬಾದಿನ ಒಂದು ಸಂಶೋಧನಾಲಯದಲ್ಲಿ ಕೆಲಸಕ್ಕಿದ್ದಳು.

"ಚಾಚಾ, ಈ ಸಲ ಸೈಕಲ್ ಬ್ಯಾಡ್ರಿ. ಒಂದು ಬ್ಯಾಸಿಗಿ ನಿಮ್ಮ ಮಾಳಿಗಿ ಬೇಕಾಗಿತ್ತು."

ದಸ್ತಗೀರ್ ಪಂಪು ಕೆಳಗಿಟ್ಟ. ಅವನ ಪಾಲಿಗೆ ಅದು ದೊಡ್ಡ ಭಾಷಣ.

ಪೆಟ್ಟಿಗೆ ಮಾಳಿಗೆ ಏರಿತು. ಅದರೊಳಗೆ ನಾಲ್ಕು ಕಟ್ಟಿಗೆ ಚೌಕಟ್ಟು. ಒಂದೊಂದಕ್ಕೂ ಡಪ್ಪಿಗೆ ತೊಗಲು ಬಿಗಿದಂತೆ ಒಂದೊಂದು ತೆಳ್ಳನೆ ಹಾಳೆ ಬಿಗಿದಿತ್ತು. ಎರಡು ಗಾಜಿನಂತೆ ತಿಳಿ, ಎರಡು ಬೆಲ್ಲದ ಪಾಕದ ಬಣ್ಣ. ಪಕ್ಕದ ಮಾಳಿಗೆಯಿಂದ ಬಂಡೆಮ್ಮ ಕುತ್ತಿಗೆ ಚಾಚಿದಳು.

"ಇದೇನವಾ, ಹೈದರಾಬಾದದಾಗ ಇಷ್ಟು ತೆಳ್ಳಗ ಹಪ್ಪಳ ಮಾಡ್ತಾರ?"

"ಹಪ್ಪಳ ಅಲ್ಲಬೇ, ಕರೆಂಟು ಮಾಡೋ ಹಾಳಿ," ಕನಕಮ್ಮ ನಗುತ್ತ ಕೂತಳು. "ಹೇಳ್ತೀನಿ ಕೇಳ್ರಿ. ಒಂದು ಡಬ್ಬಿ ಅದ ಅನ್ಕೋರಿ. ಆ ಕಡೆ ಒಂದು ಗ್ಯಾಸು, ಈ ಕಡೆ ನಾವು ಉಸಿರಾಡೋ ಗಾಳಿ. ಎರಡಕ್ಕೂ ಕೂಡಬೇಕಂತ ಆಸಿ. ಹಂಗ ಬಿಟ್ರ ಢಮ್ ಅಂತಾವ. ಅದಕ್ಕ ನಡುವ ಈ ಪರದಾ. ಇದು ಗ್ಯಾಸಿನ ಜೀವ ಅಷ್ಟೇ ಸೋಸಿ ಆ ಕಡೆ ಬಿಡ್ತದ. ಹಂಗ ಸೋಸೋ ಹೊತ್ತಿನಾಗ ಕರೆಂಟು ಹುಟ್ತದ. ಬೆಂಕಿ ಇಲ್ಲ, ಹೊಗಿ ಇಲ್ಲ. ಒಂದಿಷ್ಟು ನೀರು ಬರ್ತದ ಅಷ್ಟ."

"ಅಂದ್ರ ಮದಿವಿಗೆ ಮೊದಲು ಹುಡುಗ ಹುಡುಗೀನ್ನ ಪರದಾ ಹಿಡಿದು ಕುಂದ್ರಿಸಿದಂಗ," ಅಂದಳು ಬಂಡೆಮ್ಮ.

"ಹಂಗೇ. ಪರದಾ ಹರೀತಂದ್ರ ಮದಿವಿ ಕೆಟ್ಟಂಗ."

ತಿಳಿ ಹಾಳೆ ಪರದೇಶದ್ದು. ಬೆಲ್ಲದ ಬಣ್ಣದ್ದು ಕನಕಮ್ಮ ತಾನೇ ಮೂರು ವರ್ಷ ಒದ್ದಾಡಿ ಮಾಡಿದ್ದು. ಕರೆಂಟಿಲ್ಲದ ಊರುಗಳಿಗೆ ದೀಪದ ಡಬ್ಬಿ ಮಾಡಬೇಕು ಅನ್ನುವುದು ಅವರ ಸಂಶೋಧನಾಲಯದ ಕನಸು. ಡಬ್ಬಿ ಬಿಸಿಲೂರಿನಲ್ಲಿ ಸುಮ್ಮನೆ ಬಿದ್ದಿದ್ದಾಗ ಹಾಳೆ ಒಣಗಿ ಸೀಳಬಾರದು. ಮೇಲಿನ ಸಾಹೇಬರು ಹೇಳಿಬಿಟ್ಟಿದ್ದರು, ಒಂದು ಬೇಸಿಗೆ ತಾಳಿದರೆ ನಿನ್ನ ಹಾಳೆ ಮುಂದುವರಿಸೋಣ, ತಾಳದಿದ್ದರೆ ಅದನ್ನು ಬಿಟ್ಟು ಪರದೇಶದ್ದನ್ನೇ ತರಿಸೋಣ, ನೀನು ಬೇರೆ ಕೆಲಸ ನೋಡು. ಅದಕ್ಕೆ ಕನಕಮ್ಮ ಹೇಳಿದ್ದಳಂತೆ, ಹಾಗಾದರೆ ರಾಯಚೂರಿನಲ್ಲೇ ಇಡೋಣ ಸರ್, ಅಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ.

"ಮೃಗಶಿರಾ ಮಳಿ ಬರೋತನಕ ಯಾರೂ ಕೈ ಹಚ್ಚಬಾರದು ಚಾಚಾ. ನೆರಳು ಮಾಡಬಾರದು, ಏನೂ ಹಾಕಬಾರದು."

"ಹಚ್ಚಂಗಿಲ್ಲ," ಅಂದ ದಸ್ತಗೀರ್. ಅವನು ಒಮ್ಮೆ ಆಡಿದರೆ ಮುಗಿಯಿತು.

ಕನಕಮ್ಮ ರೈಲು ಹತ್ತಿದಳು. ಬಿಸಿಲು ಏರಿತು. ಮಾಳಿಗೆಯ ಬಂಡೆ ಮಧ್ಯಾಹ್ನ ರೊಟ್ಟಿ ಬೇಯುವಷ್ಟು ಕಾಯುತ್ತಿತ್ತು. ಸಂಜೆ ಒಣಗಿದ ಬಟ್ಟೆ ತೆಗೆಯಲು ಹೋದ ಮುನ್ನೀ ಬೀ ಆ ಬೆಲ್ಲದ ಬಣ್ಣದ ಹಾಳೆಯ ಹತ್ತಿರ ನಿಂತು ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಬಿಗಿದು ಟಣ್ ಅಂದಿತು. ಅಪ್ಪನ ಮಶಕ ಕಣ್ಣ ಮುಂದೆ ಬಂತು. ತೊಗಲು ಒಣಗಿದರೆ ಸೀಳುತ್ತದೆ. ಓದಿದ ಹುಡುಗಿ ನಿಜ, ಆದರೆ ಭಿಸ್ತಿಯ ಮನೆಯಲ್ಲಿ ಬೆಳೆದವಳಲ್ಲವಲ್ಲ. ಪಾಪ, ಇದನ್ನು ಯಾರು ಹೇಳಿಕೊಟ್ಟಿರುತ್ತಾರೆ?

ಕೆಳಗಿಳಿದಳು. ಒಂದು ತಂಬಿಗೆ ನೀರು ತಂದಳು. ಬೆಲ್ಲದ ಬಣ್ಣದ ಎರಡೂ ಹಾಳೆಗೆ ಮೆಲ್ಲಗೆ ಹನಿಸಿದಳು. ತಿಳಿ ಹಾಳೆಯ ಕಡೆಗೂ ಕಣ್ಣು ಹೋಯಿತು, ಆದರೆ ತಂಬಿಗೆ ಹೋಗಲಿಲ್ಲ.

"ಆ ಎರಡು ಏನು ಪಾಪ ಮಾಡ್ಯಾವು?" ಬಂಡೆಮ್ಮ ಆ ಕಡೆಯಿಂದ ಕೇಳಿದಳು.

"ಅವು ಪರದೇಶದ್ವು ಅಕ್ಕಾ. ಅವಕ್ಕ ಅವರ ಮಂದಿ ಇದ್ದಾರ. ಇವು ನಮ್ಮ ಹುಡುಗೀವು."

"ಹಚ್ಚಂಗಿಲ್ಲ ಅಂದಾನ ನಿನ್ನ ಗಂಡ."

"ನಾ ಎಲ್ಲಿ ಹಚ್ಚೀನಿ? ನೀರು ಹಚ್ಚೇದ."

ಆ ಬೇಸಿಗೆ ಪೂರ ಹೀಗೇ ನಡೆಯಿತು. ಸಂಜೆ ಅಂಗಡಿಗೆ ಗಿರಾಕಿಗಳು ಮುಗಿಬೀಳುವ ಹೊತ್ತು, ದಸ್ತಗೀರ್ ಮಾಳಿಗೆ ಹತ್ತುವುದೇ ಇಲ್ಲ. ಇವಳು ಹತ್ತಿ ಹಾಳೆಗೆ ನೀರು ಕೊಟ್ಟು ಬರುವಳು. ನೀರು ಬಿದ್ದ ಕೂಡಲೇ ಹಾಳೆ ಮೆತ್ತಗಾಗಿ ಹೊಟ್ಟೆ ಬಿಡುತ್ತಿತ್ತು. ಮುಂಜಾನೆ ಬಿಸಿಲಿಗೆ ಮತ್ತೆ ಬಿಗಿಯುತ್ತಿತ್ತು. "ಕುಡಿದು ಹೊಟ್ಟಿ ತುಂಬಿಸಿಕೊಂಡು ಮಕ್ಕೊಂತಾವ" ಅಂತ ಅವಳಿಗೆ ಹಿಗ್ಗು. ಕನಕಮ್ಮ ಕೂಸಾಗಿದ್ದಾಗ ಎತ್ತಿ ಆಡಿಸಲಿಲ್ಲ, ಅವಳ ಹಾಳೆಗಾದರೂ ನೀರು ಕುಡಿಸಿದೆ ಅನ್ನುವ ಸಮಾಧಾನ.

ಮೋಡ ಕಟ್ಟಿತು. ಒಂದು ಮಧ್ಯಾಹ್ನ ಕನಕಮ್ಮ ಬಂದಳು, ಜೊತೆಗೆ ಮೇಲಿನ ಸಾಹೇಬರೂ ಬಂದರು. ಸೀತಾಪತಿ ಅಂತ ಹೆಸರು. ತೆಳ್ಳನೆ ಆಳು, ದಪ್ಪ ಕನ್ನಡಕ. ತೆಲುಗು ಮನೆಮಾತು, ಉರ್ದು ಹೈದರಾಬಾದಿನದು, ಕನ್ನಡ ಹುಡುಕಿ ಹುಡುಕಿ ಆಡುವಂಥದ್ದು.

ಪರೀಕ್ಷೆ ಮಾಡಿದ್ದು ದಸ್ತಗೀರನ ಪಂಕ್ಚರ್ ಬುಟ್ಟಿಯಲ್ಲೇ. ಹಾಳೆಯನ್ನು ಎರಡು ಕಬ್ಬಿಣದ ಬಳೆಗಳ ನಡುವೆ ರಬ್ಬರ್ ವಾಷರ್ ಕೊಟ್ಟು ಬಿಗಿಯಬೇಕು. ಕೆಳಗೆ ಒಂದು ಬಟ್ಟಲು, ಬಟ್ಟಲಿಗೆ ಸೈಕಲ್ಲಿನ ವಾಲ್ವು. ಮೆಲ್ಲಗೆ ಗಾಳಿ ತುಂಬಿ ನೀರೊಳಗೆ ಇಳಿಸಿದರೆ, ಹಾಳೆ ಗಟ್ಟಿ ಇದ್ದರೆ ನೀರು ಸುಮ್ಮನಿರುತ್ತದೆ. ಕಣ್ಣಿಗೆ ಕಾಣದ ಸೀಳು ಇದ್ದರೂ ಗುಳ್ಳೆ ಏಳುತ್ತದೆ.

ಮೊದಲು ಪರದೇಶದ ಹಾಳೆ. ನೀರು ಸುಮ್ಮನಿತ್ತು. ಇನ್ನೊಂದು. ಅದೂ ಸುಮ್ಮನೆ.

ಆಮೇಲೆ ಕನಕಮ್ಮನದು. ದಸ್ತಗೀರ್ ಅರ್ಧ ಹೊಡೆತ ಹೊಡೆದಿದ್ದನೋ ಇಲ್ಲವೋ, ಕಾದ ಎಣ್ಣೆಯಲ್ಲಿ ಮಿರ್ಚಿ ಭಜಿ ಬಿಟ್ಟಂತೆ ಗುಳುಗುಳು ಎದ್ದಿತು. ಎರಡನೆಯದೂ ಹಾಗೇ.

ಸೀತಾಪತಿ ಕನ್ನಡಕ ತೆಗೆದು ಒರೆಸಿದರು. "ಕನಕಾ, ನೀನು ಮಾಡಿದ ಕೆಲಸ ಸಣ್ಣದಲ್ಲ. ಆದರೆ ಹಾಳೆ ತಾಳಲಿಲ್ಲ. ಇದನ್ನ ಇಲ್ಲಿಗೆ ಮುಗಿಸೋಣ."

ಕನಕಮ್ಮ ತಲೆಯಾಡಿಸಿದಳು. ಬುಟ್ಟಿಯ ನೀರಿನಲ್ಲಿ ಏಳುತ್ತಿದ್ದ ಗುಳ್ಳೆಗಳನ್ನೇ ನೋಡುತ್ತಿದ್ದಳು.

ಬಾಗಿಲ ಪರದೆಯ ಹಿಂದೆ ನಿಂತು ಮುನ್ನೀ ಬೀ ಎಲ್ಲ ನೋಡುತ್ತಿದ್ದಳು. ಬಾಯಾರಿದ ಹಾಳೆ ಗಟ್ಟಿ ಉಳಿದಿದೆ, ತಾನು ನೀರು ಕುಡಿಸಿದ್ದು ಸೀಳಿದೆ. ಹೇಳಿದರೆ ಗಂಡ ಕೊಟ್ಟ ಮಾತು ಮಣ್ಣುಪಾಲು. ನಮ್ಮ ಹುಡುಗಿ ಇನ್ನು ಮುಖ ನೋಡುತ್ತಾಳೋ ಇಲ್ಲವೋ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಬಂಡೆಮ್ಮನೊಬ್ಬಳನ್ನು ಬಿಟ್ಟರೆ. ಆದರೆ ಆ ಹಾಳೆಯ ತಪ್ಪೇನು, ಅದನ್ನು ಮಾಡಿದವಳ ತಪ್ಪೇನು? ಸೆರಗು ತಲೆ ಮೇಲೆ ಎಳೆದುಕೊಂಡು ಹೊರಗೆ ಬಂದೇಬಿಟ್ಟಳು.

"ಸಾಹೇಬ್ರ, ಅದು ತಾನಾಗಿ ಹರದಿಲ್ರಿ. ನಾ ಹರದೀನಿ."

ದಸ್ತಗೀರನ ಕೈಯಿಂದ ಪಂಪು ಜಾರಿತು.

"ದಿನಾ ಸಂಜಿಗೆ ನೀರು ಹಾಕೀನ್ರಿ. ಬಾಯಾರ್ತದಂತ. ಅವೆರಡಕ್ಕ ಹಾಕಲಿಲ್ಲ, ಇಕೀದಕ್ಕಷ್ಟ ಹಾಕಿದೆ. ಇಕಿ ನಮ್ಮಾಕಿ ಅಂತ." ಸಾಹೇಬರ ಎದುರು ಇನ್ನೊಂದು ಹೆಜ್ಜೆ ಮುಂದೆ ಬಂದಳು. "ಬೈಯ್ಯೋದಿದ್ರ ನನಗ ಬೈರಿ. ಅಕಿ ಕೆಲಸಕ್ಕ ಏನೂ ಅನಬ್ಯಾಡ್ರಿ."

ಕನಕಮ್ಮ ಬಾಯಿ ತೆರೆದು ಚಾಚಿಯನ್ನೇ ನೋಡಿದಳು. ಸೀತಾಪತಿ ಮಾತ್ರ ಕನ್ನಡಕ ಮತ್ತೆ ಏರಿಸಿಕೊಂಡು, ಸೈಕಲ್ ರಿಪೇರಿಯ ಸಣ್ಣ ಮಣೆಯ ಮೇಲೆ ಕೂತೇಬಿಟ್ಟರು.

"ಅಮ್ಮಾ, ನೀರು ಹಾಕಿದಾಗ ಹಾಳೆ ಏನಾಗ್ತಿತ್ತು?"

"ಉಬ್ತಿತ್ರಿ."

"ಬೆಳಿಗ್ಗೆ?"

"ಬಿಗೀತಿತ್ರಿ. ಡಪ್ಪಿನಂಗ."

"ದಿನಾ?"

"ಒಂದು ದಿನಾನೂ ತಪ್ಪಿಲ್ರಿ," ಅಂದಳು, ತಪ್ಪೊಪ್ಪಿಗೆಯ ನಡುವೆಯೂ ಒಂದಿಷ್ಟು ಹೆಮ್ಮೆಯಿಂದ.

ಸೀತಾಪತಿ ಮೊದಲು ಮೆಲ್ಲಗೆ ನಕ್ಕರು, ಆಮೇಲೆ ಜೋರಾಗಿ. "ಕನಕಾ, ನಾವು ಎಂಥ ದಡ್ಡರು ನೋಡು. ಒಣಗಿಸಿ ಇಟ್ಟರೆ ತಾಳುತ್ತಾ ಅಂತ ಕೇಳಿದೆವು. ದೀಪ ಹೊತ್ತಿಸಿದಾಗ ಡಬ್ಬಿಯೊಳಗೆ ನೀರು ಹುಟ್ಟುತ್ತೆ, ಹಾಳೆ ಉಬ್ಬುತ್ತೆ. ಆರಿಸಿದ ಮೇಲೆ ಒಣಗುತ್ತೆ, ಬಿಗಿಯುತ್ತೆ. ದಿನಾ ಸಂಜೆ ಹಚ್ಚೋದು, ದಿನಾ ಆರಿಸೋದು. ಅಮ್ಮ ಮಾಡಿದ್ದೇ ನಿಜವಾದ ಬದುಕು. ನಾವು ಮಾಡಿದ್ದು ಹಪ್ಪಳ."

"ನಾ ಮೊದಲೇ ಹೇಳಿದ್ದೆ, ಹಪ್ಪಳಂತ," ಹೊರಗಿನಿಂದ ಬಂಡೆಮ್ಮನ ದನಿ ಬಂತು. ಅವಳು ಯಾವಾಗ ಬಂದು ನಿಂತಿದ್ದಳೋ.

ಆಗ ಕನಕಮ್ಮ ಎದ್ದಳು. "ಹಂಗಾದ್ರ ಸರ್, ಪರದೇಶದ ಹಾಳಿಗೂ ನೀರು ಕುಡಿಸಿ ನೋಡೋಣ. ಎರಡಕ್ಕೂ ಒಂದೇ ನ್ಯಾಯ ಇರಲಿ."

"ಇರಲಿ. ಇನ್ನೊಂದು ಬೇಸಿಗೆ ಕೊಡ್ತೀನಿ. ಅದೇ ಕೊನೆ. ನೀರು ಹಾಕೋ ಕೆಲಸ ಈ ಅಮ್ಮನದೇ." ಸೀತಾಪತಿ ಮುನ್ನೀ ಬೀಯ ಕಡೆ ತಿರುಗಿದರು. "ಆದರೆ ಎಲ್ಲದಕ್ಕೂ ಸಮ ಹಾಕಬೇಕು ಅಮ್ಮಾ. ನಮ್ಮವರು ಪರರು ಅನ್ನಬಾರದು."

ಅವರು ಹೋದ ಮೇಲೆ ದಸ್ತಗೀರ್ ಕೆಳಗೆ ಬಿದ್ದಿದ್ದ ಪಂಪು ಎತ್ತಿ ಒರೆಸಿ ಗೋಡೆಗೆ ಒರಗಿಸಿದ. ಆಮೇಲೆ ಅಂದ, "ನೀರು ಹಚ್ಚೇದ ಅಂದಿಯಂತಲ್ಲ ಬಂಡೆಮ್ಮಗ."

"ಹೂಂ ಜೀ."

"ಚಲೋ ಅಂದಿ." ಅವನ ಮೀಸೆಯ ಕೆಳಗೆ ನಗು ಇತ್ತು.

ಚಳಿಗಾಲದಲ್ಲಿ ಕನಕಮ್ಮ ಮಾನ್ವಿಗೆ ಹೋಗುವ ದಾರಿಯಲ್ಲಿ ಇಳಿದು ಬಂದಳು. ಮುನ್ನೀ ಬೀ ಮತ್ತು ಬಂಡೆಮ್ಮ ಅಂಗಳದಲ್ಲಿ ಕೌದಿ ಹೊಲಿಯುತ್ತಿದ್ದರು. ಹುಡುಗಿಯ ಮುಖ ಸಪ್ಪಗಿತ್ತು. ಹಾಳೆ ದಪ್ಪ ಮಾಡಿದರೆ ಕರೆಂಟು ದಾಟುವುದಿಲ್ಲ, ತೆಳ್ಳಗೆ ಮಾಡಿದರೆ ಉಬ್ಬಿ ಬಿಗಿದು ಸೀಳುತ್ತದೆ. ಯಾವ ದಾರಿಯಲ್ಲಿ ಹೋದರೂ ಗೋಡೆ.

"ಒಂದಕ್ಕ ಯಾಕ ಅಷ್ಟು ಭಾರ ಹೊರಸ್ತೀಯವಾ?" ಬಂಡೆಮ್ಮ ಸೂಜಿ ಎಳೆಯುತ್ತ ಅಂದಳು. "ರೇಷ್ಮಿ ಕುಬಸಕ್ಕ ನಾವು ಅಸ್ತರ ಹಚ್ಚಂಗಿಲ್ಲೇನು? ಜಗ್ಗೋದು ಅಸ್ತರ ತಡ್ಕೊಂತದ, ಮೆರಿಯೋದು ರೇಷ್ಮಿ."

"ನಿಮ್ಮ ಕುಬಸದಾಗ ಯಾವ ರೇಷ್ಮಿ ಅಕ್ಕಾ?" ಮುನ್ನೀ ಬೀ ಕೆಣಕಿದಳು.

"ನಿನ್ನ ಬಾಯಿಗೆ ಅಸ್ತರ ಹಚ್ಚಬೇಕು ಮೊದಲ."

ಕನಕಮ್ಮ ನಕ್ಕಳು. "ಅಸ್ತರದ ಮಾತು ನಮ್ಮ ಪುಸ್ತಕದಾಗೂ ಅದಬೇ. ನನಗ ಧೈರ್ಯ ಸಾಲಿರಲಿಲ್ಲ. ಬಟ್ಟಿ ಎಳಿ ಮತ್ತ ಹಾಳಿ ಕೂಡಿ ಬಾಳದಿದ್ರ ಎರಡೂ ಬಿಟ್ಟು ಬೀಳ್ತಾವ, ಮಾಡಿದ್ದೆಲ್ಲ ಹಾಳು ಅಂತ ಹೆದರಿದ್ದೆ." ಸ್ವಲ್ಪ ಹೊತ್ತು ಕೌದಿಯ ಹೊಲಿಗೆಯನ್ನೇ ನೋಡಿದಳು. "ಹೆಂಗೂ ಕಡೀ ಬ್ಯಾಸಿಗಿ. ಹೆದರಿ ಏನು ಉಳಿಸಿಕೊಳ್ಳೋದದ?"

ಅಂದು ಅವಳು ಉಂಡಷ್ಟು ರೊಟ್ಟಿ ಕಾಲೇಜಿನ ದಿನಗಳಲ್ಲೂ ಉಂಡಿರಲಿಲ್ಲ.

ಮರು ಬೇಸಿಗೆಗೆ ಮೂರು ಬಗೆಯ ಚೌಕಟ್ಟು ಮಾಳಿಗೆ ಏರಿದವು. ಪರದೇಶದ ತಿಳಿ ಹಾಳೆ, ಕನಕಮ್ಮನ ಹಳೆಯ ಬಗೆಯ ಹಾಳೆ, ಮತ್ತು ಹೊಸದು. ಹೊಸದರ ಹೊಟ್ಟೆಯೊಳಗೆ ಜೇಡನ ಬಲೆಯಷ್ಟು ಸಣ್ಣ ಎಳೆಯ ಬಟ್ಟೆ ಅಡಗಿತ್ತು. ಆಸಿಡ್ಡಿಗೂ ಬಿಸಿಗೂ ಜಗ್ಗದ ಎಳೆ ಅಂತ ಕನಕಮ್ಮ ಹೇಳಿದಳು. ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತಿತ್ತು.

ಮುನ್ನೀ ಬೀಯ ಪಾಲಿಗೆ ಆ ಬೇಸಿಗೆ ಸುಲಭದ್ದಾಗಿರಲಿಲ್ಲ. ಹೋದ ವರ್ಷ ಪ್ರೀತಿಯಿಂದ ಹಾಕಿದ ನೀರನ್ನು ಈ ವರ್ಷ ಗೊತ್ತಿದ್ದೂ ಹಾಕಬೇಕು. ನಮ್ಮ ಹುಡುಗಿಯ ಹಾಳೆಯ ಮುಂದೆ ಬಂದಾಗ ಕೈ ತಡೆಯುತ್ತಿತ್ತು. ಅದನ್ನು ಬಂಡೆಮ್ಮ ನೋಡದೆ ಇರುತ್ತಾಳೆಯೇ?

"ಅದಕ್ಕ ಇವತ್ತೊಂದು ದಿನ ತಪ್ಪಸು. ಯಾರು ಬಂದು ನೋಡ್ತಾರ?"

"ನೀವು ನೋಡಾಕತ್ತೀರಲ್ಲ."

"ನಾ ಯಾರಿಗೂ ಹೇಳಂಗಿಲ್ಲ."

"ನೀವು ಹೇಳಂಗಿಲ್ಲ ಅನ್ನೋದನ್ನ ರಾಯಚೂರಾಗ ಯಾರು ನಂಬ್ತಾರ ಅಕ್ಕಾ?" ಅಂದವಳೇ ಮೂರಕ್ಕೂ ಸಮನಾಗಿ ಸುರಿದಳು. ಬೇಸಿಗೆಯ ಕೊನೆಗೆ ರಮಜಾನ್ ಬಂತು. ತನ್ನ ಗಂಟಲಿಗೆ ಹಗಲೆಲ್ಲ ಹನಿ ನೀರಿಲ್ಲ, ಹಾಳೆಗಳಿಗೆ ಮಾತ್ರ ಸಂಜೆ ತಪ್ಪದೆ ಸಿಕ್ಕಿತು.

ವಾರಕ್ಕೊಮ್ಮೆ ದಸ್ತಗೀರ್ ಗುಳ್ಳೆ ಪರೀಕ್ಷೆ ಮಾಡುತ್ತಿದ್ದ. ಓಣಿಯ ಮಂದಿ ಕೋಳಿ ಕಾಳಗಕ್ಕೆ ಸೇರಿದಂತೆ ಸೇರುತ್ತಿದ್ದರು. ಬೇಸಿಗೆ ಅರ್ಧಕ್ಕೆ ಬಂದಿತ್ತು. ಒಂದು ದಿನ ಪರದೇಶದ ಹಾಳೆಯ ಮೂಲೆಯಿಂದ ಒಂದು ಗುಳ್ಳೆ ಎದ್ದಿತು, ಅದರ ಬೆನ್ನಿಗೇ ಇನ್ನೊಂದು. ಅದೇ ವಾರ ಕನಕಮ್ಮನ ಹಳೆಯ ಬಗೆಯದೂ ಹೋಯಿತು. ಹೊಸದು ಉಳಿಯಿತು. ಮುಂದಿನ ವಾರವೂ ಉಳಿಯಿತು. ದಸ್ತಗೀರ್ ಈಗ ಗಿರಾಕಿಗಳನ್ನು ಕಾಯಿಸಿಯಾದರೂ ಮಾಳಿಗೆ ಹತ್ತಿ ಒಮ್ಮೆ ನೋಡಿ ಬರುತ್ತಿದ್ದ.

ಕಡೆಯ ಪರೀಕ್ಷೆಗೆ ಸೀತಾಪತಿಯವರೇ ಬಂದರು. ಉಪವಾಸ ಬಿಡಲು ಇನ್ನೂ ಸ್ವಲ್ಪ ಹೊತ್ತಿತ್ತು. ಬುಟ್ಟಿಯ ಸುತ್ತ ಜನ. ಮುನ್ನೀ ಬೀ ಈ ಸಲ ಪರದೆಯ ಹಿಂದೆ ನಿಲ್ಲದೆ ಬುಟ್ಟಿಯ ಪಕ್ಕದಲ್ಲೇ ಕೂತಿದ್ದಳು. ಕನಕಮ್ಮ ಚಾಚಿಯ ಹೆಗಲಿಗೆ ಅಂಟಿಕೊಂಡಿದ್ದಳು.

ದಸ್ತಗೀರ್ ಹಾಳೆ ಬಿಗಿದ, ಗಾಳಿ ಹೊಡೆದ, ಮುಳುಗಿಸಿದ.

ಒಂದು ಗುಳ್ಳೆ ಎದ್ದಿತು.

ಕನಕಮ್ಮನ ಉಗುರು ಮುನ್ನೀ ಬೀಯ ತೋಳಿಗೆ ನಾಟಿತು. ಸೀತಾಪತಿ ಏನೋ ಹೇಳಹೊರಟರು, ದಸ್ತಗೀರ್ ಕೈ ಎತ್ತಿ ತಡೆದ. ಬಗ್ಗಿ, ಕಣ್ಣು ಕಿರಿದು ಮಾಡಿ, ನೀರಿಗೆ ಮೂಗು ತಾಗುವಷ್ಟು ಹತ್ತಿರ ಹೋದ. ಮತ್ತೊಂದು ಗುಳ್ಳೆ. ಅವನು ತಣ್ಣಗೆ ಸ್ಪಾನರ್ ತೆಗೆದುಕೊಂಡು ಬಳೆಯ ನಟ್ಟು ಒಂದು ಸುತ್ತು ಬಿಗಿದ.

"ಹಾಳಿ ಅಲ್ಲ. ವಾಷರು."

ಮತ್ತೆ ಮುಳುಗಿಸಿದ. ನೀರು ಸುಮ್ಮನಿತ್ತು. ಇನ್ನಷ್ಟು ಹೊಡೆದ. ಸುಮ್ಮನಿತ್ತು. ಬುಟ್ಟಿಯ ನೀರಿನಲ್ಲಿ ಸುತ್ತ ಬಗ್ಗಿದ್ದವರ ಮುಖಗಳು ಮಾತ್ರ ಕಾಣುತ್ತಿದ್ದವು, ಒಂದೂ ಅಲುಗಲಿಲ್ಲ.

"ಸಾಕು," ಅಂದರು ಸೀತಾಪತಿ. "ಕನಕಾ, ಇನ್ನು ಈ ಹಾಳೆ ಬಿಡು ಅಂತ ನಾನಂತೂ ಹೇಳಲ್ಲ. ಡಬ್ಬಿ ಕಟ್ಟೋಕೆ ಶುರು ಮಾಡು."

ಕನಕಮ್ಮ ಸೈಕಲ್ಲಿನ ಗ್ರೀಸು ಮೆತ್ತಿದ ಚಾಚಾನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು, ಹಣೆಗೆಲ್ಲ ಕಪ್ಪು ಮೆತ್ತಿತು. ಬಂಡೆಮ್ಮ ಸೆರಗಿನ ತುದಿ ಒದ್ದೆ ಮಾಡಿ ಒರೆಸಿದಳು. "ಅವತ್ತು ಮೆಣಸಿನಕಾಯಿ, ಇವತ್ತು ಗ್ರೀಸು. ಒಂದಿನಾನರ ಸ್ವಚ್ಛ ಮಾರಿ ಇಟ್ಕೊಂಡು ಹೋಗ್ತೀಯೇನು ಈ ಓಣಿಯಿಂದ?"

ಮಸೀದಿಯಿಂದ ಕೂಗು ಕೇಳಿಸಿತು. ಮುನ್ನೀ ಬೀ ಖರ್ಜೂರದ ತಟ್ಟೆ ತಂದಳು, ಶರಬತ್ತು ತಂದಳು, ಬಂಡೆಮ್ಮ ತನ್ನ ಮನೆಯಿಂದ ಬಿಸಿ ಭಜಿ ತಂದಳು. ಸೀತಾಪತಿ ಅದೇ ಸಣ್ಣ ಮಣೆಯ ಮೇಲೆ ಕೂತು ಎಲ್ಲವನ್ನೂ ಉಂಡರು. ಹೊರಡುವ ಮುಂಚೆ ಮುನ್ನೀ ಬೀಯನ್ನು ಕರೆದರು.

"ಅಮ್ಮಾ, ಮುಂದಿನ ಬೇಸಿಗೆಗೆ ಇನ್ನೂ ಹಲವು ಬಗೆಯ ಹಾಳೆ ಕಳಿಸಬೇಕು ಅಂತಿದ್ದೀನಿ. ಕನಕನದೂ ಇರುತ್ತೆ, ಬೇರೆಯವರದೂ ಇರುತ್ತೆ. ಸಂಬಳ ನಿಮ್ಮ ಹೆಸರಿಗೇ ಬರುತ್ತೆ. ಎಷ್ಟು ಚೌಕಟ್ಟು ನೋಡಿಕೊಳ್ಳೋಕಾಗುತ್ತೆ?"

"ಮಾಳಿಗಿ ಹಿಡಿಯೋವಷ್ಟು ಕಳಸ್ರಿ," ಅಂದಳು ಮುನ್ನೀ ಬೀ. ಆಮೇಲೆ ಕನಕಮ್ಮನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಆದ್ರ ಸಾಹೇಬ್ರ, ಯಾವುದು ಯಾರದು ಅಂತ ನನಗ ಹೇಳಬ್ಯಾಡ್ರಿ. ಈ ಬ್ಯಾಸಿಗಿ ಕೈ ಭಾಳ ತಡೀತು. ಇನ್ನೊಂದು ಬ್ಯಾಸಿಗಿ ನನ್ನ ಕೈಲಾಗಂಗಿಲ್ಲ."

ಸೀತಾಪತಿ ಈ ಸಲ ನಗಲಿಲ್ಲ. ಎದ್ದು ನಿಂತು ಕೈ ಮುಗಿದರು.

ಮರುವರ್ಷ ಬಂದ ಚೌಕಟ್ಟುಗಳ ಮೇಲೆ ಹೆಸರಿರಲಿಲ್ಲ. ಗುರುತು ಹತ್ತದಂತೆ ಎಲ್ಲ ಹಾಳೆಗಳಿಗೂ ಒಂದೇ ಕಪ್ಪು ಬಣ್ಣ, ಮೂಲೆಯಲ್ಲಿ ಒಂದೊಂದು ಬಣ್ಣದ ಚುಕ್ಕಿ. ಅದರ ಅರ್ಥ ಹೈದರಾಬಾದಿನವರಿಗೆ ಮಾತ್ರ ಗೊತ್ತು. ಬಂಡೆಮ್ಮ ಬಹಳ ದಿನ ತಲೆ ಕೆಡಿಸಿಕೊಂಡಳು, ಹಸಿರು ಚುಕ್ಕಿಯೇ ಕನಕಮ್ಮನದು ಅಂತ ಆಣೆ ಮಾಡಿ ಹೇಳಿದಳು. ಮುನ್ನೀ ಬೀ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಜೆಯಾದರೆ ತಂಬಿಗೆ ಹಿಡಿದು ಹತ್ತುವಳು, ಸಾಲಿಗೆ ಸಾಲು ಎಲ್ಲಕ್ಕೂ ನಮ್ಮ ಹುಡುಗಿಯದೇ ಅಂದುಕೊಂಡು ನೀರು ಹಾಕಿ ಇಳಿಯುವಳು.